ಮೊದಲು ಪಾದ, ಆಮೇಲೆ ಬ್ಲೇಡ್: ಹೆಣ್ಣುಮಕ್ಕಳಿಗೆ ಒಪ್ಪುವ ಫ್ರೀಡೈವಿಂಗ್ ಫಿನ್ ಆರಿಸುವ ಬಗೆ

ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಹೆಣ್ಣುಮಕ್ಕಳು ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಹೊಸಬರೇನಲ್ಲ. ಅವರಲ್ಲಿ ಕೆಲವರು ಈಗ ಮುರುಡೇಶ್ವರಕ್ಕೆ ಹೋಗುತ್ತಾರೆ, ನೇತ್ರಾಣಿ ದ್ವೀಪದ ಸುತ್ತ ಹವಳ, ಮೀನು ನೋಡುತ್ತಾರೆ, ಸಿಲಿಂಡರಿನ ಹಂಗಿಲ್ಲದೆ ಒಂದೇ ಉಸಿರಿನಲ್ಲಿ ಮುಳುಗುವ ಫ್ರೀಡೈವಿಂಗ್ ಕಲಿಯಬೇಕೆಂಬ ಆಸೆ ಹೊತ್ತು ಊರಿಗೆ ಬರುತ್ತಾರೆ. ಆಮೇಲೆ ಕೊಳ್ಳುವ ಮೊದಲ ದೊಡ್ಡ ಸಾಮಾನು ಉದ್ದ ಫಿನ್, ಅಂದರೆ ಈಜುವಾಗ ಕಾಲಿಗೆ ಹಾಕುವ ಮೀನಿನ ರೆಕ್ಕೆಯಂಥ ಸಾಧನ. ಹಣ ಹೆಚ್ಚು ಪೋಲಾಗುವುದೂ ಅಲ್ಲೇ.

ಕೊಳ್ಳುವವರ ಕಣ್ಣೆಲ್ಲ ಬ್ಲೇಡಿನ ಮೇಲೆ, ಅಂದರೆ ನೀರು ತಳ್ಳುವ ಉದ್ದ ಹಲಗೆಯ ಮೇಲಿರುತ್ತದೆ. ಕಾರ್ಬನ್ನೋ ಪ್ಲಾಸ್ಟಿಕ್ಕೋ, ಉದ್ದ ಎಷ್ಟು, ಬಣ್ಣ ಯಾವುದು ಎಂದೇ ಮಾತು. ಕಾಲು ತೂರಿಸುವ ರಬ್ಬರಿನ ಭಾಗಕ್ಕೆ ಫುಟ್ ಪಾಕೆಟ್ ಎನ್ನುತ್ತಾರೆ. ಅದು ಪಾದಕ್ಕೆ ಸರಿಯಾಗಿ ಕೂರದಿದ್ದರೆ ಎಷ್ಟು ದುಬಾರಿಯ ಬ್ಲೇಡೂ ಕೆಲಸಕ್ಕೆ ಬಾರದು. ಹೆಣ್ಣುಮಕ್ಕಳ ಮಟ್ಟಿಗಂತೂ ಈ ಮಾತು ಇನ್ನೂ ನಿಜ. ಮಾರುಕಟ್ಟೆಯಲ್ಲಿರುವ ಹೆಚ್ಚಿನ ಪಾಕೆಟ್‌ಗಳನ್ನು ಗಂಡಸರ ಪಾದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಎರಕ ಹೊಯ್ದಿರುತ್ತಾರೆ. ಅದಕ್ಕೇ ಇಲ್ಲಿ ಪಾಕೆಟ್ಟಿನ ಮಾತನ್ನೇ ಹೆಚ್ಚು ಆಡುತ್ತೇನೆ.

ಈಜುಕೊಳದ ಗಿಡ್ಡ ಫಿನ್ ನೋಡಿದವರಿಗೆ ಫ್ರೀಡೈವಿಂಗ್ ಫಿನ್ ವಿಪರೀತ ಉದ್ದ ಅನಿಸುತ್ತದೆ. ಪಾಕೆಟ್ಟಿನ ಹಿಂತುದಿಯಿಂದ ಬ್ಲೇಡಿನ ಕೊನೆಯವರೆಗೆ 80ರಿಂದ 95 ಸೆಂಟಿಮೀಟರ್. ಅಷ್ಟು ಉದ್ದ ಯಾಕೆ ಬೇಕೆಂದರೆ, ಇಲ್ಲಿ ವೇಗಕ್ಕಿಂತ ಉಸಿರಿನ ಉಳಿತಾಯ ಮುಖ್ಯ. ದೇಹದಲ್ಲಿ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಸೊಂಟದ ಹಿಂಭಾಗದಲ್ಲಿ. ಅವು ದುಡಿದಷ್ಟೂ ರಕ್ತದ ಆಮ್ಲಜನಕ ಖರ್ಚಾಗುತ್ತದೆ. ಉದ್ದ ಬ್ಲೇಡನ್ನು ನಿಧಾನವಾಗಿ, ಅಗಲವಾಗಿ ಬೀಸಿದರೆ ಕಡಿಮೆ ಬಡಿತದಲ್ಲಿ ಹೆಚ್ಚು ದೂರ ಹೋಗಬಹುದು. ಕಾಲಿನ ಬಲ ಬ್ಲೇಡಿಗೆ ದಾಟಬೇಕಾದರೆ ನಡುವೆ ಇರುವುದು ಪಾಕೆಟ್ ಒಂದೇ. ಅದು ಸಡಿಲವಿದ್ದರೆ ಪಾದ ಮೊದಲು ಒಳಗೇ ಅಲುಗಾಡುತ್ತದೆ, ಬ್ಲೇಡ್ ಆಮೇಲೆ ತಿರುಗುತ್ತದೆ. ಪ್ರತಿ ಬಡಿತದಲ್ಲೂ ಸ್ವಲ್ಪ ಬಲ ಹೀಗೆ ನೀರುಪಾಲಾಗುತ್ತದೆ.

ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದವರು ಹೆಚ್ಚಾಗಿ ಹಾಕುವ ಫಿನ್ನಿಗೆ ಹಿಮ್ಮಡಿ ತೆರೆದಿರುತ್ತದೆ, ಹಿಂದೆ ಪಟ್ಟಿ ಇರುತ್ತದೆ, ಒಳಗೆ ದಪ್ಪ ಬೂಟು ಹಾಕುತ್ತಾರೆ. ಪಟ್ಟಿ ಎಳೆದರೆ ಯಾವ ಕಾಲಿಗಾದರೂ ಹೊಂದಿಸಬಹುದು. ಫ್ರೀಡೈವಿಂಗ್‌ನಲ್ಲಿ ಹಾಕುವುದು ಹಿಮ್ಮಡಿಯನ್ನೂ ಮುಚ್ಚುವ ಪಾಕೆಟ್. ಇಟಲಿಯ ಕ್ರೆಸ್ಸಿ ಕಂಪನಿ 1950ರ ದಶಕದ ಆರಂಭದಲ್ಲಿ ರೊಂಡಿನೆ ಎಂಬ ಹೆಸರಿನಲ್ಲಿ ಇಂಥ ಫಿನ್ ಹೊರತಂದಿತು. ಅಂದಿನಿಂದ ಇಂದಿನವರೆಗೆ ರೂಪ ಅದೇ. ಇದರಲ್ಲಿ ಬಿಗಿ ಮಾಡುವ ಪಟ್ಟಿಯಿಲ್ಲ. ಕೊಳ್ಳುವಾಗಲೇ ಅಳತೆ ಕೂಡಬೇಕು.

ಹೆಣ್ಣಿನ ಪಾದ ಗಂಡಸಿನ ಪಾದದ ಚಿಕ್ಕ ಪ್ರತಿಯಲ್ಲ

ಬಳ್ಳಾರಿಯ ಜೀನ್ಸ್ ಹೊಲಿಯುವವರನ್ನು ಕೇಳಿ ನೋಡಿ: ಗಂಡಸರ ಪ್ಯಾಂಟನ್ನು ಎರಡು ನಂಬರ್ ಚಿಕ್ಕದು ಮಾಡಿದರೆ ಹೆಂಗಸರ ಪ್ಯಾಂಟ್ ಆಗುತ್ತದೆಯೇ ಎಂದು. ಸೊಂಟ ಕೂಡಿದರೆ ತೊಡೆ ಹಿಡಿಯುತ್ತದೆ, ತೊಡೆ ಕೂಡಿದರೆ ಸೊಂಟ ಸಡಿಲ. ಪಾದದ ವಿಷಯದಲ್ಲೂ ಹೀಗೇ. ಒಂದೇ ಉದ್ದದ ಪಾದಗಳನ್ನು ಪಕ್ಕಪಕ್ಕ ಇಟ್ಟರೆ, ಸಾಮಾನ್ಯವಾಗಿ ಹೆಣ್ಣಿನ ಹಿಮ್ಮಡಿ ಮುಂಗಾಲಿಗೆ ಹೋಲಿಸಿದಾಗ ಸಪೂರ, ಕಣಕಾಲಿನ ಸುತ್ತಳತೆ ಕಡಿಮೆ. ಹೀಗಾಗಿ ಗಂಡಸರ ಅಚ್ಚಿನ ಪಾಕೆಟ್ ಬೆರಳಿನ ಕಡೆ ಸರಿಹೋದರೂ ಹಿಮ್ಮಡಿಯಲ್ಲಿ ಜಾಗ ಉಳಿಯುತ್ತದೆ. ಹಿಮ್ಮಡಿಗೆ ಸರಿಹೋಗಲಿ ಎಂದು ಒಂದು ಅಳತೆ ಚಿಕ್ಕದು ತಂದರೆ ಕಿರುಬೆರಳಿನ ಬುಡ ಒತ್ತುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದದ ಬೆರಳುಗಳು ಅಗಲಕ್ಕೆ ಹರಡಿಕೊಂಡಿರುತ್ತವೆ. ಹೊಲದಲ್ಲಿ, ಅಂಗಳದಲ್ಲಿ ಓಡಾಡಿದ ಕಾಲು ಯುರೋಪಿನ ಬೂಟಿನೊಳಗೆ ಬೆಳೆದ ಕಾಲಿನಂತೆ ಇರುವುದಿಲ್ಲ. ಅದು ದೋಷವಲ್ಲ, ಆರೋಗ್ಯವಂತ ಪಾದದ ಲಕ್ಷಣ. ಆದರೆ ಇಟಲಿ, ಗ್ರೀಸ್, ಎಸ್ಟೋನಿಯಾಗಳಲ್ಲಿ ತಯಾರಾಗುವ ಪಾಕೆಟ್‌ಗೆ ಆ ಪಾದದ ಪರಿಚಯ ಕಡಿಮೆ. ಆದ್ದರಿಂದ ನಂಬರೊಂದನ್ನೇ ನಂಬಿ ತರಿಸಬಾರದು. ಅಗಲವನ್ನೂ ನೋಡಬೇಕು.

ಅಳೆಯಲು ಹಾಳೆ, ಪೆನ್ಸಿಲ್, ಗೋಡೆ ಇದ್ದರೆ ಸಾಕು. ಹಾಳೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲಿಡಿ. ಹಿಮ್ಮಡಿ ಗೋಡೆಗೆ ಮುಟ್ಟಲಿ, ಮೈಭಾರ ಆ ಕಾಲಿನ ಮೇಲಿರಲಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲು ಇನ್ನೊಬ್ಬರಿಗೆ ಹೇಳಿ. ನೀವೇ ಬಗ್ಗಿ ಎಳೆದರೆ ಭಾರ ಮುಂದಕ್ಕೆ ವಾಲಿ ಅಳತೆ ತಪ್ಪುತ್ತದೆ. ಅತಿ ಉದ್ದದ ಬೆರಳಿನವರೆಗೆ ಉದ್ದ, ಬೆರಳುಗಳ ಬುಡದಲ್ಲಿ ಅಗಲ, ಹಿಮ್ಮಡಿಯ ಅಗಲ, ಈ ಮೂರನ್ನೂ ಮಿಲಿಮೀಟರಿನಲ್ಲಿ ಬರೆದಿಡಿ. ಎರಡೂ ಕಾಲನ್ನು ಅಳೆಯಿರಿ, ಒಂದು ಮತ್ತೊಂದಕ್ಕಿಂತ ಉದ್ದವಿರುವುದು ಸಾಮಾನ್ಯ. ಸಂಜೆ ಹೊತ್ತು ಅಳೆದರೆ ಒಳ್ಳೆಯದು, ದಿನವಿಡೀ ನಿಂತ ಕಾಲು ಬೆಳಿಗ್ಗೆಗಿಂತ ಸ್ವಲ್ಪ ಉಬ್ಬಿರುತ್ತದೆ. ಕೆಲವರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಪಾದ ಊದಿಕೊಳ್ಳುತ್ತದೆ. ಆಗ ಅಳೆದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ಅಳೆಯಿರಿ.

ಹೆರಿಗೆಯಾದವರು ಮದುವೆಗೆ ಮುಂಚಿನ ಚಪ್ಪಲಿ ನಂಬರ್ ಹೇಳಿ ಫಿನ್ ತರಿಸಬಾರದು. ಬಸುರಿನಲ್ಲಿ ಪಾದದ ಕಮಾನು ಸ್ವಲ್ಪ ಇಳಿದು ಪಾದ ಉದ್ದವಾಗುವುದುಂಟು, ಹಲವರಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ಮಕ್ಕಳಾದ ಮೇಲೆ ಈ ಆಟ ನಮಗೇಕೆ ಎನ್ನುವವರಿಗೆ ಒಂದು ಮಾತು. ಕೆಳಕ್ಕೆ ಎಳೆದೊಯ್ಯುವ ಭಾರದ ಬಂಡಿಯ (ಸ್ಲೆಡ್) ನೆರವಿಲ್ಲದೆ, ಫಿನ್ನಿನ ಬಲದಲ್ಲೇ 100 ಮೀಟರ್ ಆಳ ದಾಟಿದ ಮೊದಲ ಮಹಿಳೆ ರಷ್ಯಾದ ನತಾಲಿಯಾ ಮೊಲ್ಚನೋವಾ. ಅದು 2009ರಲ್ಲಿ. ಆಕೆ ಹುಟ್ಟಿದ್ದು 1962ರಲ್ಲಿ, ಫ್ರೀಡೈವಿಂಗ್‌ಗೆ ಬಂದಿದ್ದು ನಲವತ್ತರ ಹೊತ್ತಿಗೆ, ಮಕ್ಕಳ ತಾಯಿಯಾದ ಮೇಲೆ.

ಇನ್ನು ನಂಬರಿನ ಲೆಕ್ಕ. ಫಿನ್ನಿನ ಮೇಲೆ ಇರುವುದು ಯುರೋಪಿನ ಅಳತೆ. ನಮ್ಮ ಚಪ್ಪಲಿ ಅಂಗಡಿಯ 4ನೇ ನಂಬರ್ ಅಲ್ಲಿ ಸುಮಾರು 37, 5ನೇ ನಂಬರ್ ಸುಮಾರು 38, 6 ಅಂದರೆ 39. ಪಾದದ ಉದ್ದ 24 ಸೆಂಟಿಮೀಟರ್ ಇದ್ದರೆ 38ರ ಆಸುಪಾಸು. ಪಾಕೆಟ್‌ಗಳು ಒಂದೊಂದು ಅಳತೆಗೂ ಸಿಗುವುದಿಲ್ಲ, 38–39, 40–41 ಹೀಗೆ ಜೋಡಿಯಾಗಿ ಬರುತ್ತವೆ. ಹಲವು ಮಾದರಿಗಳು ಶುರುವಾಗುವುದೇ 38–39ರಿಂದ. ಚಿಕ್ಕ ಪಾದದವರಿಗೆ ಅಲ್ಲೇ ತೊಂದರೆ. ಆಗ ಎಲ್ಲರೂ ಕೊಡುವ ಸಲಹೆ, ದಪ್ಪ ಸಾಕ್ಸ್ ಹಾಕಿಕೊಳ್ಳಿ ಎಂಬುದು. ನಿಯೋಪ್ರೀನ್ ಸಾಕ್ಸ್ ಹಾಕುವುದು ಒಳ್ಳೆಯದೇ, ಚರ್ಮ ಉಜ್ಜಿ ಬೊಕ್ಕೆ ಏಳುವುದು ತಪ್ಪುತ್ತದೆ. ಒಂದು ಅಳತೆಯ ವ್ಯತ್ಯಾಸವನ್ನು 3 ಮಿಲಿಮೀಟರಿನ ಸಾಕ್ಸ್ ಹೆಚ್ಚುಕಡಿಮೆ ತುಂಬುತ್ತದೆ. ಅದಕ್ಕಿಂತ ಹೆಚ್ಚು ಜಾಗ ತುಂಬಲು ಅದನ್ನು ನಂಬಬಾರದು.

ಯಾಕೆಂದರೆ ನಿಯೋಪ್ರೀನ್ ಎಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ರಬ್ಬರ್. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು, ಗುಳ್ಳೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 20 ಮೀಟರಿನಲ್ಲಿ ಮೂರನೇ ಒಂದು ಭಾಗ. ದಂಡೆಯ ಮೇಲೆ ಗಟ್ಟಿಯಾಗಿ ಕೂತ ಫಿನ್ ಕೆಳಗೆ ಹೋದಂತೆ ಸಡಿಲವಾಗುತ್ತದೆ, ಅದೂ ಮೇಲೆ ಬರಲು ಜೋರಾಗಿ ಕಾಲು ಬೀಸಬೇಕಾದ ಜಾಗದಲ್ಲಿ. ಅದಕ್ಕೆ ತೆಳುವಾದ ಸಾಕ್ಸ್, ಸರಿಯಾದ ಪಾಕೆಟ್ ಇರುವುದೇ ಮೇಲು. ಅರಬ್ಬಿ ಸಮುದ್ರದ ನೀರು ಬೆಚ್ಚಗಿರುವುದರಿಂದ ಚಳಿಗೆಂದು ದಪ್ಪ ಸಾಕ್ಸ್ ಬೇಕಾಗುವುದೂ ಇಲ್ಲ, ಒಂದೂವರೆ ಅಥವಾ 2 ಮಿಲಿಮೀಟರ್ ಸಾಕು.

ಹಾಕಿ ನೋಡುವಾಗ

ಒಣ ರಬ್ಬರಿನೊಳಗೆ ಒಣ ಕಾಲನ್ನು ತುರುಕಬೇಡಿ. ಕಾಲು, ಸಾಕ್ಸ್ ಎರಡನ್ನೂ ಒದ್ದೆ ಮಾಡಿ, ಪಾಕೆಟ್ಟಿನ ಹಿಂಭಾಗವನ್ನು ಹೊರಕ್ಕೆ ಮಡಚಿ, ಪಾದ ಪೂರ್ತಿ ಒಳಗೆ ಹೋದಮೇಲೆ ಮಡಿಕೆ ಮೇಲೆತ್ತಿ. ಹಿಂದಿನ ಅಂಚು ಹಿಡಿದು ಜಗ್ಗಿದರೆ ಮೊದಲು ಹರಿಯುವುದು ಅಲ್ಲೇ.

ಕಾಲುಂಗುರ, ಕಾಲುಚೈನು ತೆಗೆದಿಡಿ. ಪಾಕೆಟ್ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ, ನಡುವೆ ಬೆಳ್ಳಿಯ ಉಂಗುರವಿದ್ದರೆ ಪಕ್ಕದ ಬೆರಳಿನ ಚರ್ಮ ಕೀಳುತ್ತದೆ, ಒಳಗಿನ ರಬ್ಬರೂ ಸೀಳುತ್ತದೆ. ಉಂಗುರ ತೆಗೆಯಲು ಮನಸ್ಸಿಲ್ಲದವರು ತೆಳು ಬಟ್ಟೆಪಟ್ಟಿ ಸುತ್ತಿ ಮೇಲೆ ಸಾಕ್ಸ್ ಹಾಕಬಹುದು, ಆದರೆ ಅಳತೆ ನೋಡುವಾಗಲೂ ಹಾಗೇ ಹಾಕಿ ನೋಡಬೇಕು. ರಾಯಚೂರಿನ ಬಿಸಿಲಿಗೆ ಹಿಮ್ಮಡಿ ಒಡೆದಿದ್ದರೆ ಬಿರುಕು ಮಾಗುವತನಕ ಸಾಕ್ಸ್ ಇಲ್ಲದೆ ಫಿನ್ ಹಾಕಬೇಡಿ, ಕ್ಲೋರಿನ್ ನೀರು, ಉಪ್ಪುನೀರು ಎರಡೂ ಉರಿಸುತ್ತವೆ.

ಹಾಕಿದ ಮೇಲೆ ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಗಾಳಿಯಲ್ಲೇ ಮೆಲ್ಲಗೆ ಮೇಲೆ ಕೆಳಗೆ ಬೀಸಿ. ಹಿಮ್ಮಡಿ ಪಾಕೆಟ್ಟಿನಿಂದ ಮೇಲೇಳುತ್ತದೆಯೇ? ಪಾದ ಪಕ್ಕಕ್ಕೆ ಹೊರಳುತ್ತದೆಯೇ? ಪಾದದ ಕಮಾನಿನ ಕೆಳಗೆ ಖಾಲಿ ಜಾಗವಿದೆಯೇ? ಮೂರಕ್ಕೂ ಉತ್ತರ ಇಲ್ಲ ಎಂದೇ ಬರಬೇಕು. ಬೆರಳಿನ ಕಡೆ ತೆರೆದ ಪಾಕೆಟ್ಟಿನಲ್ಲಿ ಬೆರಳ ತುದಿ ಚೂರು ಹೊರಗೆ ಇಣುಕಿದರೆ ತಪ್ಪಿಲ್ಲ, ಆದರೆ ಬೆರಳು ಮುದುಡಿರಬಾರದು. ಹೀಗೇ ಕಾಲು ಗಂಟೆ ಕೂರಿ. ಟಿವಿ ನೋಡಿ, ಸೊಪ್ಪು ಸೋಸಿ, ಏನಾದರೂ ಮಾಡಿ. ಜೋಮು ಹಿಡಿಯದಿದ್ದರೆ, ಪಾದದ ಮೇಲ್ಭಾಗದಲ್ಲಿ ಒಂದೇ ಕಡೆ ಚುಚ್ಚುನೋವು ಬಾರದಿದ್ದರೆ ಮುಂದಿನ ಮಾತು. ತೆಗೆದ ಮೇಲೆ ಪಾದ ನೋಡಿಕೊಳ್ಳಿ. ಎಲ್ಲ ಕಡೆ ಸಮನಾಗಿ ತೆಳು ಕೆಂಪಿದ್ದರೆ ಅದು ಒಳ್ಳೆಯ ಹಿಡಿತ, ಕಿರುಬೆರಳಿನ ಬುಡದಲ್ಲೋ ಹಿಮ್ಮಡಿಯ ಮೇಲಿನ ನರದ ಮೇಲೋ ಕಡುಕೆಂಪು ಗುರುತಿದ್ದರೆ ಅಲ್ಲಿ ನಾಳೆ ಬೊಕ್ಕೆ ಏಳುತ್ತದೆ.

ಪಾದದ ಅಡಿಯಲ್ಲಿ ಸೆಳೆತ ಬಂದರೆ ಫಿನ್ ಬಿಗಿಯಾಯಿತು ಎಂದು ಎಲ್ಲರೂ ದೊಡ್ಡ ಅಳತೆಗೆ ಹೋಗುತ್ತಾರೆ. ಇಲ್ಲಿ ಸ್ವಲ್ಪ ತಡೆದು ಯೋಚಿಸಿ. ಸಡಿಲ ಫಿನ್ನಿನಲ್ಲೂ ಸೆಳೆತ ಬರುತ್ತದೆ. ಜಾರುವ ಫಿನ್ನನ್ನು ಹಿಡಿದುಕೊಳ್ಳಲು ಬೆರಳುಗಳು ತಮಗೆ ತಾವೇ ಮುದುಡುತ್ತವೆ, ಪಾದದ ಚಿಕ್ಕ ಸ್ನಾಯುಗಳು ಹೊತ್ತುಗಟ್ಟಲೆ ಬಿಗಿದು ಕೊನೆಗೆ ಸೆಟೆದುಕೊಳ್ಳುತ್ತವೆ. ಆಗ ಇನ್ನೂ ದೊಡ್ಡದು ತಂದರೆ ಸೆಳೆತವೂ ದೊಡ್ಡದಾಗುತ್ತದೆ. ಈಜುವಾಗ ಬೆರಳು ಮುದುಡಿವೆಯೇ ಎಂದು ಗಮನವಿಟ್ಟು ನೋಡಿಕೊಂಡರೆ ಕಾರಣ ಯಾವುದೆಂದು ಗೊತ್ತಾಗುತ್ತದೆ.

ಸಣ್ಣ ವ್ಯತ್ಯಾಸಗಳಿಗೆ ಪರಿಹಾರವಿದೆ. ಚಿಕ್ಕ ಕಾಲಿಗೆ ಮಾತ್ರ ತುಸು ದಪ್ಪ ಸಾಕ್ಸ್ ಹಾಕಬಹುದು. ಹಿಮ್ಮಡಿ, ಅಂಗಾಲು, ಪಾದದ ಮೇಲ್ಭಾಗ ಮೂರನ್ನೂ ಬಳಸಿ ಹಿಡಿಯುವ ರಬ್ಬರ್ ಪಟ್ಟಿಗಳು ಸಿಗುತ್ತವೆ, ಅವು ಹಿಮ್ಮಡಿ ಮೇಲೇಳದಂತೆ ತಡೆಯುತ್ತವೆ. ಒಂದೂವರೆ ಅಳತೆ ಹೆಚ್ಚಿರುವ ಫಿನ್ನನ್ನು ಮಾತ್ರ ಯಾವ ಪಟ್ಟಿಯೂ ಉಳಿಸಲಾರದು, ವಾಪಸ್ ಕಳಿಸಿ.

ಬ್ಲೇಡಿನ ಮಾತು

"ಅಕ್ಕಾ, ಬ್ಲೇಡ್ ಗಟ್ಟಿ ಇದ್ರ ಜೋರ್ ಹೋಗ್ತೀವಲ್ರೀ?" ಇದು ಕಲಿಯಲು ಬರುವ ಹುಡುಗಿಯರೆಲ್ಲ ಕೇಳುವ ಪ್ರಶ್ನೆ. ಗಟ್ಟಿ ಬ್ಲೇಡನ್ನು ಬಗ್ಗಿಸುವಷ್ಟು ಬಲ ಕಾಲಿಗಿದ್ದರೆ ಹೌದು. ಇಲ್ಲದಿದ್ದರೆ ಬ್ಲೇಡಿನ ಬದಲು ಮೊಣಕಾಲು ಬಗ್ಗುತ್ತದೆ. ಸೈಕಲ್ ತುಳಿದಂತೆ ಕಾಲಾಡುತ್ತದೆ, ನೀರು ಹಿಂದಕ್ಕೆ ಹೋಗುವುದಿಲ್ಲ, ತೊಡೆ ಮಾತ್ರ ಉರಿಯುತ್ತದೆ. ಮೈತೂಕ 60 ಕಿಲೋ ಒಳಗಿರುವ ಹೆಚ್ಚಿನ ಹೆಣ್ಣುಮಕ್ಕಳಿಗೆ ಸಾಫ್ಟ್ ಬ್ಲೇಡೇ ಸರಿ. ತೂಕ, ಕಾಲಿನ ಬಲ ಹೆಚ್ಚಿರುವವರು, ವರ್ಷಗಟ್ಟಲೆ ಈಜಿದವರು ಮೀಡಿಯಂ ನೋಡಬಹುದು. ಹೊಸಬರಿಗೆ ಎರಡರ ನಡುವೆ ಅನುಮಾನ ಬಂದರೆ ನಾನು ಸಾಫ್ಟ್ ಕಡೆಗೇ ಹೇಳುತ್ತೇನೆ. ಸಾಫ್ಟ್ ಬ್ಲೇಡಿನಲ್ಲಿ ಕಾಲುಬಡಿತ ತಿದ್ದಿಕೊಳ್ಳಬಹುದು, ಗಟ್ಟಿ ಬ್ಲೇಡ್ ಕೆಟ್ಟ ಬಡಿತವನ್ನೇ ರೂಢಿ ಮಾಡಿಸುತ್ತದೆ. ಬಾವಿಯಲ್ಲಿ ಕಪ್ಪೆಯಂತೆ ಕಾಲಗಲಿಸಿ ಈಜು ಕಲಿತ ನಮ್ಮವರಿಗೆ ಸೊಂಟದಿಂದ ಕಾಲು ಬೀಸುವುದನ್ನು ಹೊಸದಾಗಿ ಕಲಿಯಬೇಕಿರುತ್ತದೆ, ಅವರಿಗಂತೂ ಮೆತ್ತನೆಯ ಬ್ಲೇಡ್ ಬೇಕೇ ಬೇಕು.

ಸಾಫ್ಟ್, ಮೀಡಿಯಂ, ಹಾರ್ಡ್ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬರ ಸಾಫ್ಟ್ ಇನ್ನೊಬ್ಬರ ಮೀಡಿಯಂ ಆಗಿರಬಹುದು. ಕೈಯಲ್ಲಿ ಪಾಕೆಟ್ ಹಿಡಿದು ಬ್ಲೇಡಿನ ತುದಿಯನ್ನು ನೆಲಕ್ಕೆ ಮೆಲ್ಲಗೆ ಒತ್ತಿ ನೋಡಿ. ಪಾಕೆಟ್ ಮುಗಿದ ಕಡೆಯಿಂದ ತುದಿಯವರೆಗೆ ಒಂದೇ ಬಿಲ್ಲಿನ ಹಾಗೆ ಬಾಗಬೇಕು. ಒಂದೇ ಕಡೆ ಮುರಿದಂತೆ ಬಾಗುವ ಬ್ಲೇಡ್ ಬೇಡ.

ಪ್ಲಾಸ್ಟಿಕ್ ಬ್ಲೇಡ್ ಭಾರ, ಅಗ್ಗ, ಗಟ್ಟಿಮುಟ್ಟು. ಕಲ್ಲಿಗೆ ತಾಗಿದರೂ ತಡೆಯುತ್ತದೆ. ಕಾರ್ಬನ್ ಹಗುರ, ಬಗ್ಗಿದ್ದು ಥಟ್ಟನೆ ನೆಟ್ಟಗಾಗುತ್ತದೆ, ನೀವು ಹಾಕಿದ ಬಲ ಹೆಚ್ಚು ಪಾಲು ವಾಪಸ್ ಬರುತ್ತದೆ. ಆದರೆ ಬೆಲೆ ಹಲವು ಪಟ್ಟು, ಬಂಡೆಗೆ ಬಡಿದರೆ ಬಿರುಕು. ಫೈಬರ್‌ಗ್ಲಾಸ್ ಎರಡರ ನಡುವಿನದು. ಬ್ಲೇಡ್ ಬಿಚ್ಚಿ ಬದಲಿಸಬಹುದಾದ ಪಾಕೆಟ್ ಕೊಂಡರೆ ಹಣದ ಭಾರ ಹಂಚಿಹೋಗುತ್ತದೆ. ಈಗ ಒಳ್ಳೆಯ ಪಾಕೆಟ್, ಪ್ಲಾಸ್ಟಿಕ್ ಬ್ಲೇಡ್. ಎರಡು ವರ್ಷ ಬಿಟ್ಟು ಅದೇ ಪಾಕೆಟ್‌ಗೆ ಕಾರ್ಬನ್. ಎಲ್ಲ ಬ್ಲೇಡೂ ಎಲ್ಲ ಪಾಕೆಟ್‌ಗೆ ಹೊಂದುವುದಿಲ್ಲವಾದ್ದರಿಂದ ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಹತ್ತು ಸಾವಿರ ಉಳಿಸಿಟ್ಟಿದ್ದೇನೆ ಎಂದು ಬರುವ ಹುಡುಗಿಗೆ ಸಾಲ ಮಾಡಿ ಕಾರ್ಬನ್ ಕೊಳ್ಳೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ ಎನ್ನುತ್ತೇನೆ.

ಇನ್ನು ಕೋನ. ಬ್ಲೇಡ್ ಅಂಗಾಲಿನ ನೇರಕ್ಕೆ ಇರುವುದಿಲ್ಲ, ತುಸು ಕೆಳಕ್ಕೆ ಬಾಗಿರುತ್ತದೆ. ಹಲವು ಬ್ಲೇಡ್‌ಗಳಲ್ಲಿ 20 ಡಿಗ್ರಿಗೂ ಮೇಲೆ. ಕಾಲು ಎಷ್ಟೇ ಚಾಚಿದರೂ ಪಾದ ಕಾಲಿನ ಗೆರೆಗೆ ಪೂರ್ತಿ ಬರುವುದಿಲ್ಲ, ಆ ಕೊರತೆಯನ್ನು ಈ ಬಾಗು ತುಂಬುತ್ತದೆ. ನೆಲದ ಮೇಲೆ ಕಾಲು ಚಾಚಿ ಕೂತು ಹೆಬ್ಬೆರಳನ್ನು ನೆಲದ ಕಡೆಗೆ ಒತ್ತಿ ನೋಡಿ. ನೆಲದಿಂದ ತುಂಬ ಎತ್ತರದಲ್ಲೇ ನಿಂತರೆ ನಿಮ್ಮ ಕಣಕಾಲು ಬಿಗಿ, ಹೆಚ್ಚು ಕೋನದ ಬ್ಲೇಡ್ ಅನುಕೂಲ. ದಿನಾ ಸ್ವಲ್ಪ ಹೊತ್ತು ವಜ್ರಾಸನದಲ್ಲಿ ಕೂರುವುದರಿಂದಲೂ ಈ ಬಿಗಿ ಸಡಿಲುತ್ತದೆ.

ಎಲ್ಲಿ ಹಾಕಿ ನೋಡುವುದು

ನಮ್ಮ ಊರುಗಳ ಕ್ರೀಡಾ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಈಜುಕೊಳದ ಗಿಡ್ಡ ಫಿನ್. ಉದ್ದದ್ದನ್ನು ಆನ್‌ಲೈನಿನಲ್ಲೇ ತರಿಸಬೇಕಾಗುತ್ತದೆ. ಮುರುಡೇಶ್ವರಕ್ಕೆ ಹೋದಾಗ ಅಲ್ಲಿನ ಡೈವಿಂಗ್ ಕೇಂದ್ರಗಳಲ್ಲಿ ಬೇರೆ ಬೇರೆ ಪಾಕೆಟ್ ಹಾಕಿ ನೋಡಲು ಕೇಳಿ, ಯಾವ ಮಾದರಿಯ ಯಾವ ನಂಬರ್ ಕೂತಿತು ಎಂದು ಬರೆದುಕೊಂಡು ಬನ್ನಿ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರುವುದಿಲ್ಲ, ಅಕ್ಟೋಬರ್ ನಂತರ ಹೋಗಬೇಕು. ತರಿಸುವ ಮುನ್ನ ಪಾದದ ಗೆರೆಯ ಹಾಳೆಯ ಫೋಟೊ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮಾರುವವರಿಗೆ ಕಳಿಸಿ. ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಮಾತು ಬರಹದಲ್ಲಿರಲಿ. ಬಂದ ಮೇಲೆ ಮನೆಯೊಳಗೆ ಹಾಕಿ ನೋಡುವವರೆಗೆ ನೀರಿಗೆ ಇಳಿಸಬೇಡಿ, ಒದ್ದೆ ಕಾಲಿನ ಪರೀಕ್ಷೆಗೆ ಬಚ್ಚಲಿನ ಚೊಂಬು ನೀರು ಸಾಕು.

ನಂತರದ ಪರೀಕ್ಷೆ ಈಜುಕೊಳದಲ್ಲಿ. ಉದ್ದ ಫಿನ್‌ಗೆ ಮೊದಲೇ ಅನುಮತಿ ಕೇಳಿ, ಮಂದಿ ಕಡಿಮೆ ಇರುವ ಹೊತ್ತು ಆರಿಸಿ. ನೀರಿನ ಮೇಲ್ಗಡೆ, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿ, ಅವಸರವಿಲ್ಲದೆ 25 ಮೀಟರ್ ಹೋಗಿ ಬಡಿತ ಎಣಿಸಿ. ಜೊತೆಗಾರ್ತಿಯ ಫಿನ್ ಸಿಕ್ಕರೆ ಅದರಲ್ಲೂ ಎಣಿಸಿ. ಕಡಿಮೆ ಬಡಿತ, ತೊಡೆಯಲ್ಲಿ ಉರಿ ಇಲ್ಲ, ಹಿಮ್ಮಡಿ ಅಲುಗಿಲ್ಲ ಎಂದಾದರೆ ಅದು ನಿಮ್ಮ ಫಿನ್.

ತುಂಗಭದ್ರೆಯಲ್ಲಿ, ಕಾಲುವೆಯಲ್ಲಿ, ಸಣಾಪುರದ ಬಂಡೆಗಳ ನಡುವೆ ಹೊಸ ಫಿನ್ ಪರೀಕ್ಷೆ ಮಾಡುವ ಆಸೆ ಬೇಡವೇ ಬೇಡ. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆಗಳಿವೆ. ಎಡದಂಡೆ ಕಾಲುವೆಯ ಸೆಳೆತಕ್ಕೆ ಸಿಕ್ಕರೆ ಇಳಿಜಾರು ಗೋಡೆ ಹಿಡಿದು ಮೇಲೆ ಬರುವುದು ಕಷ್ಟ, ಕಾಲಿಗೆ ಉದ್ದ ಬ್ಲೇಡ್ ಇದ್ದರೆ ಇನ್ನೂ ಕಷ್ಟ. ಈಜುಕೊಳದಲ್ಲೂ ಉಸಿರು ಹಿಡಿದು ಒಬ್ಬರೇ ಮುಳುಗಬಾರದು, ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಬಾರದು. ಹಾಗೆ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಉಸಿರು ಬೇಕೆಂಬ ಎಚ್ಚರಿಕೆಯೇ ಬಾರದೆ ಪ್ರಜ್ಞೆ ತಪ್ಪುತ್ತದೆ. ಮೊಲ್ಚನೋವಾ ಅಂಥವರೇ 2015ರ ಆಗಸ್ಟ್‌ನಲ್ಲಿ ಸ್ಪೇನಿನ ಫೊರ್ಮೆಂಟೆರಾ ದ್ವೀಪದ ಬಳಿ ಮುಳುಗಿ ಮೇಲೆ ಬರಲಿಲ್ಲ. ಒಬ್ಬರು ಕೆಳಗಿದ್ದಾಗ ಕಲಿತ ಇನ್ನೊಬ್ಬರು ಮೇಲೆ ನಿಂತು ಕಾಯಲೇಬೇಕು.

ಒಪ್ಪುವ ಫಿನ್ ಸಿಕ್ಕ ಮೇಲೆ ಅದನ್ನು ಕೆಡಿಸುವುದು ನಮ್ಮ ಬಿಸಿಲು. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಒಣಹಾಕಿದರೆ, ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ, ಪ್ಲಾಸ್ಟಿಕ್ ಬ್ಲೇಡ್ ಸೊಟ್ಟಗಾಗುತ್ತದೆ. ಈಜಿದ ದಿನವೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತುದಿಯ ಮೇಲೆ ಭಾರ ಬೀಳುವಂತೆ ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಮಲಗಿಸಿಡಿ. ಪಾಕೆಟ್ಟಿನೊಳಗೆ ಹಳೇ ಬಟ್ಟೆ ತುರುಕಿಟ್ಟರೆ ಆಕಾರ ಕುಗ್ಗುವುದಿಲ್ಲ. ರೈಲಿನಲ್ಲಿ ಒಯ್ಯುವಾಗ ಸೀಟಿನ ಅಡಿಯಲ್ಲಿ ಉಳಿದ ಸಾಮಾನಿನ ಮೇಲಿಡಿ, ಮೇಲೆ ಬೇರೆಯವರ ಸೂಟ್‌ಕೇಸ್ ಬೀಳದಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಹಿಮ್ಮಡಿಯ ಅಂಚನ್ನೂ, ಬ್ಲೇಡ್ ಪಾಕೆಟ್‌ಗೆ ಸೇರುವ ಜಾಗವನ್ನೂ ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಸಮುದ್ರಕ್ಕೆ ಹೋಗುವ ಮೊದಲೇ ಪಾಕೆಟ್ ಬದಲಿಸಿ.